ಕಾಕು ಎಣಿಸಿದ ಸುತ್ತುಗಳು

ಹೋದ ತಿಂಗಳು ಆಫೀಸು ಮುಗಿಸಿ ಸ್ಯಾನ್ ಮಟಿಯೋ ಸೇತುವೆ ದಾಟಿ ಬರುವಾಗ ಕಾರಿನ ಹಿಂದಿನ ಟೈರು ಕೈಕೊಟ್ಟಿತು. ಹೇಗೋ ಹೇವರ್ಡ್‌ವರೆಗೆ ತೆವಳಿಸಿಕೊಂಡು ಬಂದು, ಗೋದಾಮುಗಳ ಸಾಲಿನ ನಡುವೆ ಇದ್ದ ಒಂದು ಟೈರಿನ ಅಂಗಡಿಗೆ ನುಗ್ಗಿಸಿದೆ. ಅಂಗಡಿಯವನು ಮುಕ್ಕಾಲು ಗಂಟೆ ಆಗುತ್ತದೆ ಎಂದು ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದ. ಕೂತು ಫೋನು ತೆಗೆಯುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಹೊಸ ರಬ್ಬರು, ತಣ್ಣಗಿನ ಸಿಮೆಂಟು, ತಗಡಿನ ಚಾವಣಿಯ ಕೆಳಗೆ ದಿನಗಟ್ಟಲೆ ನಿಂತ ಗಾಳಿ... ಫೋನು ಕೈಯಲ್ಲೇ ಉಳಿಯಿತು. ಎದುರುಮನೆ ಕಾಕು ಬಂದು ಪಕ್ಕದಲ್ಲೇ ಕೂತ ಹಾಗಾಯಿತು.

ರಬ್ಬರಿನ ವಾಸನೆಗೂ ವಿಜಯಪುರದ ಅರವತ್ತೆಂಟು ವರ್ಷದ ಹೆಂಗಸಿಗೂ ಏನು ಸಂಬಂಧ ಎಂದು ಕೇಳಿದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ನಾವು ಆಗ ತಾನೇ ಅಪಾರ್ಟ್‌ಮೆಂಟು ಬಿಟ್ಟು ಎವರ್‌ಗ್ರೀನ್‌ನ ಗುಡ್ಡದ ಮೇಲೆ ಮನೆ ತೆಗೆದುಕೊಂಡಿದ್ದೆವು. ನಮಗಿಬ್ಬರಿಗೆ ಮನೆ ಸಿಕ್ಕ ಸಂಭ್ರಮ. ಹದಿನಾರರ ಮಗಳಿಗೆ ಇದ್ದ ಸ್ನೇಹಿತರೆಲ್ಲ ಹಳೆಯ ಶಾಲೆಯಲ್ಲೇ ಉಳಿದ ದುಃಖ. ಹೊಸ ಹೈಸ್ಕೂಲಿನಲ್ಲಿ ಊಟದ ಹೊತ್ತಿಗೆ ಲೈಬ್ರರಿಯಲ್ಲಿ ಒಬ್ಬಳೇ ಕೂರುತ್ತಾಳೆ ಎಂದು ನನಗೆ ಗೊತ್ತಾದದ್ದು ಅವಳಿಂದಲ್ಲ, ಲೈಬ್ರರಿಯವರಿಂದ. ಕೇಳಿದರೆ "ಐಯಾಮ್ ಫೈನ್, ಅಮ್ಮಾ" ಎನ್ನುವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅದು. ಎಷ್ಟು ತಿಳಿಯುತ್ತದೆ, ಎಷ್ಟು ಇಲ್ಲ ಎಂದು ಹೆತ್ತ ನನಗೇ ಗೊತ್ತಿರಲಿಲ್ಲ. ಯಾವುದಾದರೂ ಒಂದು ಗುಂಪಿಗೆ ಸೇರು ಎಂದು ದಿನಾ ಜೀವ ತಿಂದೆ. ನನ್ನ ಕಾಟ ತಾಳಲಾರದೆ ಅವಳು ಓಟದ ತಂಡಕ್ಕೆ ಹೆಸರು ಕೊಟ್ಟಳು. ಅಲ್ಲಿ ಆಯ್ಕೆ ಇರಲಿಲ್ಲ, ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರು. ಅದೇ ಕಾರಣ.

ಆ ತಂಡದ ಕೋಚ್ ಹಿಮ ಬೀಳುವ ಕಡೆಯಿಂದ ಬಂದ ಮನುಷ್ಯ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಓಡದವನು ವಸಂತದಲ್ಲಿ ಹೊರಗೆ ಓಡಲಾರ ಎಂಬುದು ಅವರ ನಂಬಿಕೆ. ಇಲ್ಲಿ ಡಿಸೆಂಬರಿನಲ್ಲೂ ಹೊರಗೆ ಓಡಬಹುದಲ್ಲ, ಒಂದು ಜಾಕೆಟು ಸಾಕಲ್ಲ ಎಂದು ತಂದೆತಾಯಿಗಳು ಹೇಳಿದರೆ ಅವರ ಕಿವಿಗೆ ಬೀಳುತ್ತಿರಲಿಲ್ಲ. ನಮ್ಮ ಕಡೆ ಒಳಾಂಗಣದ ಟ್ರ್ಯಾಕೇ ಇಲ್ಲ. ಇಲ್ಲದಿದ್ದರೆ ಮಾಡಿಕೊಂಡರಾಯಿತು ಎಂದು ಅವರು ಹೇವರ್ಡ್‌ನಲ್ಲಿ ಒಂದು ಫರ್ನಿಚರ್ ಗೋದಾಮಿನ ಅರ್ಧ ಭಾಗವನ್ನು ಶನಿವಾರಗಳಿಗೆ ಗಿಟ್ಟಿಸಿದರು. ನೆಲದ ಮೇಲೆ ರಬ್ಬರಿನ ಹಾಸು ಉರುಳಿಸಿ ಮೊಟ್ಟೆಯ ಆಕಾರದ ಒಂದು ವೃತ್ತ ಮಾಡಿದರು. ಕಂಬಗಳಿಗೆ ಡಿಕ್ಕಿ ಹೊಡೆದು ಮಕ್ಕಳ ಮೂಳೆ ಮುರಿಯಬಾರದೆಂದು ಹಳೆಯ ಹಾಸಿಗೆಗಳನ್ನು ಸುತ್ತಿದರು. ಇನ್ನೂ ಮೂರು ಶಾಲೆಯವರನ್ನು ಅದು ಹೇಗೋ ಒಪ್ಪಿಸಿ, ಇದು ನಮ್ಮ ಇಂಡೋರ್ ಸೀಸನ್ನು ಎಂದು ಘೋಷಿಸಿಯೇ ಬಿಟ್ಟರು. ಆಚೆ ಅರ್ಧದಲ್ಲಿ ಪ್ಲಾಸ್ಟಿಕ್ ಸುತ್ತಿದ ಸೋಫಾಗಳನ್ನು ಚಾವಣಿಯವರೆಗೆ ಪೇರಿಸಿದ್ದರು. ಸುಸ್ತಾದ ಮಕ್ಕಳು ಹೋಗಿ ಕೆಳಗಿನ ಸೋಫಾದ ಮೇಲೆ ಬೀಳುವುದು, ಗೋದಾಮಿನವನು ಬೈದು ಎಬ್ಬಿಸುವುದು, ಇದು ಪ್ರತಿ ಶನಿವಾರದ ಪೂಜೆ.

ಕಾಕು ಇದರೊಳಗೆ ಬಂದದ್ದು ಮೊಮ್ಮಗಳ ದೆಸೆಯಿಂದ. ಎದುರುಮನೆಯವರ ತಾಯಿ ಅವರು, ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದರು. ಅವರ ಕಡೆ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರಂತೆ, ನಾವೂ ಹಾಗೇ ಕರೆದೆವು. ಆ ಮನೆಯ ಹುಡುಗಿಯೂ ತಂಡಕ್ಕೆ ಸೇರಿದ್ದಳು, ನನ್ನ ಮಿನಿವ್ಯಾನಿನಲ್ಲೇ ಬರುತ್ತಿದ್ದಳು. ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವ ಬದಲು ಕಾಕುವೂ ಹಿಂದಿನ ಸೀಟು ಹತ್ತಿದರು. ಮೊಮ್ಮಗಳು ಎರಡೇ ವಾರಕ್ಕೆ ಕಾಲು ನೋವು ಎಂದು ಬಿಟ್ಟಳು. ಕಾಕು ಬಿಡಲಿಲ್ಲ. ಮೂರನೆಯ ಶನಿವಾರ ಬೆಳಿಗ್ಗೆ ನಾನು ಕಾರು ತೆಗೆಯುವಾಗ ಇಳಕಲ್ ಸೀರೆ, ಅದರ ಮೇಲೆ ಮಗನ ದಪ್ಪ ಜಾಕೆಟು, ಕಾಲಿಗೆ ಮೊಮ್ಮಗಳು ಬಿಟ್ಟ ಹೊಚ್ಚಹೊಸ ಓಟದ ಬೂಟು ಹಾಕಿಕೊಂಡು ಎದುರಿನ ಗೇಟಿನಲ್ಲಿ ನಿಂತಿದ್ದರು.

"ಆಕಿ ಬಿಟ್ಟರ ಬಿಟ್ಟಳು, ನಾ ಬರ್ತೀನ್ರಿ. ಬೂಟು ಸುಮ್ಮ ಕೆಡಸಬಾರದು ನೋಡ್ರಿ" ಎಂದರು.

ನಾನು ಮೈಸೂರಿನವಳು. ಮೊದಮೊದಲು ಅವರ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ನನ್ನ ಮಾತು ಅವರಿಗೆ ಪೂರ್ತಿ ತಿಳಿದರೂ ನಗು ತರಿಸುತ್ತಿತ್ತು. "ನಿಮ್ಮ ಮಾತು ಹಾಲುಕೆನಿ ಇದ್ಧಂಗ ಅದ ಬಿಡ್ರಿ, ಆದ್ರ ಸಿಟ್ಟು ಮಾತ್ರ ನಮ್ಮ ಕಡೀದ" ಎಂದು ಒಮ್ಮೆ ನನ್ನನ್ನು ಛೇಡಿಸಿದ್ದರು. ಫ್ರೀವೇಯಲ್ಲಿ ಅಡ್ಡ ಬಂದ ಒಬ್ಬನಿಗೆ ನಾನು ಕಾರಿನೊಳಗೇ ಮಂಗಳಾರತಿ ಮಾಡುತ್ತಿದ್ದಾಗ ಆಡಿದ ಮಾತು ಅದು. ನಾನೂ ನಕ್ಕಿದ್ದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳಿದರೆ ಜಗಳವಾಗುತ್ತಿತ್ತು. ಕಾಕು ಹೇಳಿದರೆ ಆಗುತ್ತಿರಲಿಲ್ಲ.

ಗೋದಾಮಿನ ವೃತ್ತ ಸಣ್ಣದು. ಹತ್ತು ಸುತ್ತು ಓಡಿದರೆ ಒಂದು ಮೈಲಿ, ಇಪ್ಪತ್ತು ಓಡಿದರೆ ಎರಡು. ಎರಡು ಮೈಲಿಯ ಓಟದಲ್ಲಿ ಜೋರಾಗಿ ಓಡುವವರು ನಿಧಾನದವರನ್ನು ಎರಡು ಮೂರು ಸಲ ದಾಟಿ ಹೋಗಿರುತ್ತಾರೆ. ಮುಂದೆ ಯಾರು, ಹಿಂದೆ ಯಾರು, ಯಾರದು ಎಷ್ಟನೆಯ ಸುತ್ತು, ಒಂದೂ ತಿಳಿಯುವುದಿಲ್ಲ. ಅದಕ್ಕೇ ಕೋಚ್ ಒಂದು ವ್ಯವಸ್ಥೆ ಮಾಡಿದ್ದರು. ಒಬ್ಬೊಬ್ಬ ಓಟಗಾರರಿಗೆ ಒಬ್ಬೊಬ್ಬ ದೊಡ್ಡವರು ಎಣಿಸುವವರು. ಕೊನೆಯ ಸುತ್ತಿಗೆ ಒಂದು ಬೆರಳು ತೋರಿಸಬೇಕು. ಅದು ಮುಗಿದ ಕ್ಷಣ ಕೆಂಪು ಬಾವುಟ ಎತ್ತಬೇಕು. ಬಾವುಟ ಎದ್ದಾಗ ಗಡಿಯಾರ ಎಷ್ಟು ತೋರಿಸುತ್ತದೋ ಅದೇ ಆ ಮಗುವಿನ ಟೈಮು. ಇನ್ನೊಂದು ಕಟ್ಟುನಿಟ್ಟು: ಯಾರೂ ತಮ್ಮ ಮಕ್ಕಳನ್ನು ಎಣಿಸುವ ಹಾಗಿಲ್ಲ. ಹೆತ್ತವರ ಕಣ್ಣು ನೆಟ್ಟಗಿರುವುದಿಲ್ಲ ಎಂದು ಕೋಚ್ ನಗುತ್ತಲೇ ಹೇಳಿದ್ದರು.

ಹಾಗಾಗಿ ನನ್ನ ಮಗಳು ಕಾಕುವಿನ ಪಾಲಿಗೆ ಬಂದಳು. ಕಾಕುವಿಗೆ ಎಣಿಸಲು ಬರುತ್ತದೆಯೇ ಎಂದು ಕೋಚ್ ನನ್ನನ್ನು ಕೇಳಿದರು. ನಾನು ಕೇಳಿದಾಗ ಕಾಕು ಕಣ್ಣು ಅಗಲ ಮಾಡಿದರು.

"ಏನ ಕೇಳ್ತೀರಿ ನೀವು! ನಮ್ಮ ಓಣಿ ಹನುಮಪ್ಪಗ ಯಾರ ನೂರಾಯೆಂಟು ಪ್ರದಕ್ಷಿಣಿ ಹಾಕಿದ್ರೂ ಎಣಸಾಕಿ ನಾನ. ಸುತ್ತ ಹೊಡಿಯಾಕಿಗೆ ತಲಿ ತಿರಗ್ತದ, ಲೆಕ್ಕ ತಪ್ತದ. ಅದಕ್ಕ ನನ್ನ ಕುಂದರಸ್ತಿದ್ರು."

ಅವರ ಲೆಕ್ಕದ ಸಾಧನ ಹುಣಸೆ ಬೀಜ. ಒಂದು ಸಣ್ಣ ಬಟ್ಟೆ ಚೀಲದಲ್ಲಿ ಊರಿನಿಂದಲೇ ತಂದಿದ್ದರು. ಚೌಕಾಬಾರ ಆಡಲು ಯಾರಾದರೂ ಸಿಕ್ಕಾರು ಎಂಬ ಆಸೆಯಿಂದ ತಂದದ್ದಂತೆ. ಮಡಿಲಿನ ಎಡಕ್ಕೆ ಇಪ್ಪತ್ತು ಬೀಜ ಇಟ್ಟುಕೊಳ್ಳುವುದು, ಮಗಳು ಎದುರಿಗೆ ಹಾದ ಕೂಡಲೇ ಒಂದನ್ನು ಬಲಕ್ಕೆ ಹಾಕುವುದು. ಉಳಿದ ತಂದೆತಾಯಿಗಳು ಹಲಗೆಗೆ ಕಾಗದ ಸಿಕ್ಕಿಸಿ ಪೆನ್ನಿನಿಂದ ಗೀಟು ಹಾಕುತ್ತ, ನಡುವೆ ಫೋನು ನೋಡಿ, ಗೀಟು ಮರೆತು, ಪಕ್ಕದವರನ್ನು ಕೇಳುತ್ತಿದ್ದರು. ಕಾಕು ರೆಪ್ಪೆ ಸಹ ಬಡಿಯುತ್ತಿರಲಿಲ್ಲ. ಎರಡು ಮೀಟು, ಅಂದರೆ ಶಾಲೆಗಳ ನಡುವಿನ ಎರಡು ಪಂದ್ಯ, ಮುಗಿಯುವ ಹೊತ್ತಿಗೆ ಕೋಚ್ ಅವರನ್ನು ಎಲ್ಲರಿಗೂ ಮಾದರಿಯಾಗಿ ತೋರಿಸುತ್ತಿದ್ದರು. ತಂಡದ ಮಕ್ಕಳೆಲ್ಲ "ಕೋಚ್ ಕಾಕು" ಎಂದು ಕರೆಯತೊಡಗಿದರು. ನಾನು ಅದರ ಅರ್ಥ ಹೇಳಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು.

ಒಂದು ದಿನ ಕಾರಿನಲ್ಲಿ ನಾನೇ ಕೇಳಿದ್ದೆ, ಅಷ್ಟು ವರ್ಷ ಎಣಿಸಿದಿರಲ್ಲ, ಎಂದೂ ತಪ್ಪಿಲ್ಲವೇ ಎಂದು.

"ತಪ್ಪಲಾರದ ಏನ್ರಿ? ಮನಷ್ಯಾರು ನಾವು. ಅನುಮಾನ ಬಂತಂದ್ರ ಇನ್ನೊಂದ ಸುತ್ತ ಹಾಕಸ್ತಿದ್ದೆ. ಒಂದ ಹೆಚ್ಚಾದ್ರ ಹನುಮಪ್ಪ ಬ್ಯಾಡ ಅಂತಾನೇನು? ಕಡಿಮಿ ಆದ್ರ ಹರಕಿ ಕೆಡ್ತದ."

ಎಷ್ಟು ಸರಿಯಾಗಿದೆ ಎಂದು ನಾನು ಮೆಚ್ಚಿಕೊಂಡೆ. ಆ ಮಾತಿನಲ್ಲಿ ಏನು ಅಡಗಿದೆ ಎಂದು ಆಗ ಹೊಳೆಯಲಿಲ್ಲ.

ಆ ಚಳಿಗಾಲ ತಂಡ ನಿಜಕ್ಕೂ ಮುಂದೆ ಬಂತು. ಡಿಸೆಂಬರಿನ ಮೊದಲ ಮೀಟಿನಲ್ಲಿ ನಾಲ್ಕು ಶಾಲೆಗಳಲ್ಲಿ ನಾವು ನಾಲ್ಕನೆಯವರು. ರಿಲೇ ಹುಡುಗರು ಕೋಲು ಬದಲಿಸುವಾಗ ಒಬ್ಬರನ್ನೊಬ್ಬರು ಗುದ್ದಿ, ಕೋಲು ಉರುಳಿ ಸೋಫಾಗಳ ಸಂದಿಗೆ ಹೋಗಿ, ಅದನ್ನು ಪೊರಕೆಯಿಂದ ತೆಗೆಯಬೇಕಾಯಿತು. ಜನವರಿಯ ಮೀಟಿನಲ್ಲಿ ಅದೇ ಹುಡುಗರು ಎರಡನೆಯವರು. ಹರ್ಡಲ್ಸ್ ಓಡುವ ಉದ್ದ ಜಡೆಯ ಹುಡುಗಿಯೊಬ್ಬಳು ಗೆಲ್ಲಲು ಶುರು ಮಾಡಿದಳು. ಗೋದಾಮಿನ ಬಾಗಿಲಿನ ಮೇಲೆ ಕೋಚ್ ಒಂದು ಕಾಗದ ಅಂಟಿಸಿದ್ದರು, ಪ್ರತಿಯೊಬ್ಬರ ಟೈಮು ವಾರವಾರ ಹೇಗೆ ಇಳಿಯುತ್ತಿದೆ ಎಂದು. ಅದರ ತಳದಲ್ಲಿ ನನ್ನ ಮಗಳ ಹೆಸರು. ಎರಡು ಮೈಲಿಗೆ ಮೊದಲು ಹದಿನಾಲ್ಕೂವರೆ ನಿಮಿಷ; ಆಮೇಲೆ ಹದಿನಾಲ್ಕರೊಳಗೆ; ಆಮೇಲೆ ಹದಿಮೂರೂ ಚಿಲ್ಲರೆ. ಅವಳು ಎಂದೂ ಮುಂದೆ ಬರಲಿಲ್ಲ. ಆದರೆ ಹಿಂದಿನ ವಾರದ ತನಗಿಂತ ಮುಂದೆ ಬರುತ್ತಿದ್ದಳು. ಮನೆಯಲ್ಲಿ ಊಟದ ಮೇಜಿನ ಮೇಲೆ ಮಾತು ಹೆಚ್ಚಾಯಿತು. ಒಂದು ದಿನ ಲೈಬ್ರರಿಯವರು ಸಿಕ್ಕಿ, ನಿಮ್ಮ ಮಗಳು ಈಗೀಗ ಬರುತ್ತಿಲ್ಲ ಎಂದರು. ಕಾರಿನಲ್ಲಿ ಕೂತು ಸ್ವಲ್ಪ ಅತ್ತೆ.

ಸೀಸನ್ನಿನ ಕೊನೆಗೆ ಕೋಚ್ ಏಳು ಜನರನ್ನು ಬೆಟ್ಟದಾಚೆ ರೀನೋ ಊರಿಗೆ ಕರೆದೊಯ್ಯುವವರಿದ್ದರು. ಅಲ್ಲಿ ಮರದ ಹಲಗೆಯ ನಿಜವಾದ ಒಳಾಂಗಣ ಟ್ರ್ಯಾಕು. ಎರಡು ದಿನ, ಒಂದು ವ್ಯಾನು, ದಾರಿಯಲ್ಲಿ ಹಿಮ, ಮೋಟೆಲಿನಲ್ಲಿ ವಾಸ. ಆರು ಸೀಟು ತುಂಬಿದ್ದವು. ಏಳನೆಯದು ಎರಡು ಮೈಲಿ ಓಡುವ ಹುಡುಗಿಗೆ. ಕೊನೆಯ ಮೀಟಿನಲ್ಲಿ ಹದಿಮೂರು ನಿಮಿಷದೊಳಗೆ ಓಡಿದರೆ ನನ್ನ ಮಗಳಿಗೆ, ಇಲ್ಲದಿದ್ದರೆ ಆ ಸೀಟು ಖಾಲಿ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕೈಗವಸು ಕೊಂಡು ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ಏಳು ಜನರಲ್ಲಿ ಒಬ್ಬಳಾಗುವುದು ಬೇಕಿತ್ತು ಅವಳಿಗೆ. ಅಷ್ಟೇ.

ಆ ಶನಿವಾರ ಮಳೆ ಸುರಿಯುತ್ತಿತ್ತು. ತಗಡಿನ ಮೇಲೆ ಮಳೆಯ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ನನಗೆ ಬೇರೆ ಶಾಲೆಯ ಹಳದಿ ಅಂಗಿಯ ಹುಡುಗಿಯೊಬ್ಬಳನ್ನು ಎಣಿಸಲು ಕೊಟ್ಟಿದ್ದರು. ಕಾಕು ನನ್ನಿಂದ ಹತ್ತು ಹೆಜ್ಜೆ ಆಚೆ, ಮಡಿಲಲ್ಲಿ ಬೀಜ, ಪಕ್ಕದಲ್ಲಿ ಕೆಂಪು ಬಾವುಟ.

ಮಗಳು ಚೆನ್ನಾಗಿ ಓಡಿದಳು. ಭುಜ ಇಳಿಬಿಟ್ಟು, ಬಾಯಿ ಸ್ವಲ್ಪ ತೆರೆದು, ಯಾರನ್ನೂ ನೋಡದೆ. ಹನ್ನೊಂದನೆಯ ಸುತ್ತೋ ಹನ್ನೆರಡನೆಯದೋ, ಕಾಕು ಕೂತ ತಿರುವಿನಲ್ಲೇ ಇಬ್ಬರು ಹುಡುಗಿಯರು ಕಾಲು ತೊಡರಿ ಬಿದ್ದರು. ಒಬ್ಬಳ ಬೂಟು ಹಾರಿತು. ಯಾರೋ ಒಳಗೆ ನುಗ್ಗಿ ಎಬ್ಬಿಸಿದರು, ಯಾರೋ ಕಾಕುವಿನ ಎದುರಿಗೇ ಅಡ್ಡ ನಿಂತರು. ನನ್ನ ಮಗಳು ಆ ಗುಂಪಿನ ಹೊರಗಿನಿಂದ ಸುತ್ತಿಕೊಂಡು ಹಾದುಹೋದಳು. ಎಲ್ಲ ಅರ್ಧ ನಿಮಿಷದ ಗಲಿಬಿಲಿ. ಗುಂಪು ಚದುರಿದಾಗ ಕಾಕು ಮಡಿಲು ನೋಡಿಕೊಳ್ಳುತ್ತಿದ್ದುದು ನನಗೆ ಕಂಡಿತು. ಬೀಜದ ಮೇಲೆ ಬೆರಳು ಇಟ್ಟು ಅವರು ಒಂದು ಗಳಿಗೆ ತಡೆದರು...

ನಿಜ ಹೇಳುತ್ತೇನೆ, ಅಷ್ಟು ಹೊತ್ತಿಗೆ ಹಳದಿ ಅಂಗಿಯ ಹುಡುಗಿ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನನ್ನ ಕಾಗದದಲ್ಲಿ ಒಂಬತ್ತು ಗೀಟಿದ್ದವು, ಅಲ್ಲಿಗೆ ನಿಂತಿದ್ದವು. ನಾನು ಎಣಿಸುತ್ತಿದ್ದುದು ನನ್ನ ಮಗಳನ್ನು. ಹದಿನೆಂಟು. ಹತ್ತೊಂಬತ್ತು. ಕೊನೆಯ ಸುತ್ತಿನ ಬೆರಳು ಈಗ ಏಳಬೇಕಿತ್ತು, ಏಳಲಿಲ್ಲ. ಮಗಳು ಇಪ್ಪತ್ತನೆಯದನ್ನು ಮುಗಿಸಿ ಗೆರೆ ದಾಟುವಾಗ ಗೋಡೆಯ ಗಡಿಯಾರ ಹನ್ನೆರಡು ನಿಮಿಷ ಐವತ್ತನಾಲ್ಕು ಸೆಕೆಂಡು ತೋರಿಸುತ್ತಿತ್ತು. ನಾನು ಎದ್ದೇ ಬಿಟ್ಟಿದ್ದೆ. ಬಾವುಟ ನೆಲದ ಮೇಲೇ ಇತ್ತು. ಕಾಕು ಮುಂದಕ್ಕೆ ಬಾಗಿ, ನಗುಮುಖದಿಂದ, ಮಗಳಿಗೆ ಒಂದು ಬೆರಳು ತೋರಿಸುತ್ತಿದ್ದರು. ಇನ್ನೊಂದು ಸುತ್ತು. ಮಗಳು ಅವರ ಮುಖ ನೋಡಿದಳು, ಓಡಿದಳು. ನಾನು ಕೂಗಿದ್ದು ಮಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಬಾವುಟ ಎದ್ದಾಗ ಹದಿಮೂರು ಮೂವತ್ತೆರಡು.

ಕೋಚ್ ಹತ್ತಿರ ಓಡಿದೆ. ಇಪ್ಪತ್ತೊಂದು ಓಡಿದ್ದಾಳೆ, ನಾನೇ ಎಣಿಸಿದ್ದೇನೆ ಎಂದೆ. ಅವರು ನನ್ನ ಕೈಯಲ್ಲಿದ್ದ ಹಲಗೆ ತೆಗೆದುಕೊಂಡು ಆ ಒಂಬತ್ತು ಗೀಟು ನೋಡಿದರು. ನೀವು ಎಣಿಸಬೇಕಾಗಿದ್ದ ಹುಡುಗಿ ಎಲ್ಲಿ ಎಂದು ಮೆತ್ತಗೆ ಕೇಳಿದರು. ಅವರ ಮುಖವೂ ಬಾಡಿತ್ತು. ಆದರೆ ಬೇರೆ ಮೂರು ಶಾಲೆಯವರು ನಿಂತು ನೋಡುತ್ತಿದ್ದಾರೆ, ತಾಯಿಯ ಮಾತಿನ ಮೇಲೆ ತಾನು ಟೈಮು ಬರೆಯಲಾರೆ ಎಂದರು. ಅವರು ಹೇಳಿದ್ದು ನ್ಯಾಯವೇ. ಆ ನ್ಯಾಯ ನನ್ನ ಹೊಟ್ಟೆಗೆ ಬೆಂಕಿ ಹಾಕಿತು. ನನ್ನ ತಪ್ಪನ್ನು ಅಷ್ಟು ಮೆತ್ತಗೆ ಎತ್ತಿ ತೋರಿಸಿದ ಮನುಷ್ಯನಿಗೆ ಏನೂ ಅನ್ನಲಾಗದೆ, ಆ ಬೆಂಕಿಯನ್ನು ಹೊತ್ತುಕೊಂಡು ಪಾರ್ಕಿಂಗಿಗೆ ಬಂದೆ.

ಕಾಕು ಆಗಲೇ ಕಾರಿನ ಹತ್ತಿರ ನಿಂತಿದ್ದರು. ಜಾಕೆಟಿನ ಟೋಪಿ ಹಾಕಿಕೊಂಡಿರಲಿಲ್ಲ, ನೆನೆಯುತ್ತಿದ್ದರು.

"ಒಂದ ಬೀಜ ಹಾಕಿದ್ನೋ ಇಲ್ಲೋ ಅಂತ ಅನುಮಾನ ಬಂತ್ರಿ" ಎಂದರು. "ಕಡಿಮಿ ಆದ್ರ ಆಕಿ ಓಡಿದ್ದೆಲ್ಲಾ ನೀರಾಗ ಹೋಮ ಆಗ್ತದಂತ..."

"ಇದೇನು ನಿಮ್ಮ ಹನುಮಪ್ಪನ ಗುಡಿನಾ?" ನಾನು ಕಿರುಚಿದೆ. "ಅನುಮಾನ ಬಂದ್ರೆ ಪಕ್ಕದವರನ್ನ ಕೇಳಬೇಕಿತ್ತು. ಏನೂ ಗೊತ್ತಿಲ್ಲದವರು ಯಾಕೆ ಬಂದು ಕೂರಬೇಕಿತ್ತು? ಮೂರು ತಿಂಗಳು ಒದ್ದಾಡಿದೆ ನನ್ನ ಮಗು. ಅವಳಿಗಿದ್ದದ್ದು ಇದೊಂದೇ. ಅದನ್ನೂ ಹಾಳು ಮಾಡಿದ್ರಿ."

ಇನ್ನೂ ಏನೇನೋ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಬೇರೆ ಶಾಲೆಯವರು ಛತ್ರಿಗಳ ಕೆಳಗೆ ನಿಂತು ನೋಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಏನು ನಡೆಯುತ್ತಿದೆ ಎಂದು ಅವರಿಗೆಲ್ಲ ತಿಳಿದಿತ್ತು. ಕಾಕು ತಲೆ ತಗ್ಗಿಸಲಿಲ್ಲ, ಅಳಲಿಲ್ಲ, ತಿರುಗಿ ಒಂದು ಮಾತು ಅನ್ನಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ "ತಪ್ಪಾತ್ರಿ. ನಂದ ತಪ್ಪು" ಎಂದರು. ಮಗಳು ಬ್ಯಾಗು ಹೊತ್ತುಕೊಂಡು ನನ್ನ ಹಿಂದೆ ಬಂದು ನಿಂತಿದ್ದಳು. "ಅಮ್ಮಾ, ಸ್ಟಾಪ್" ಎಂದಳು. ನಾನು ಅವಳಿಗೂ ಬೈದೆ, ಕಾರು ಹತ್ತು ಎಂದೆ.

ಎವರ್‌ಗ್ರೀನ್‌ವರೆಗೆ ವೈಪರಿನ ಸದ್ದೊಂದೇ. ಮನೆ ಬಂದಾಗ ಕಾಕು ಇಳಿದು, ಬಾಗಿಲು ಮೆಲ್ಲಗೆ ಹಾಕಿ, ರಸ್ತೆ ದಾಟಿ ಹೋದರು.

ಮರುವಾರ ಶುಕ್ರವಾರ ಮಧ್ಯಾಹ್ನ ವ್ಯಾನು ಹೊರಟಿತು. ಮಗಳು ಬೀಳ್ಕೊಡಲು ಹೋದಳು. ಬೇಡ ಎಂದರೂ ಹೋದಳು. ರಿಲೇ ಹುಡುಗರು ಅಲ್ಲಿ ಮೂರನೆಯವರಾದರಂತೆ, ಜಡೆಯ ಹುಡುಗಿಗೆ ಪದಕ ಬಂತಂತೆ. ಹಿಮದಲ್ಲಿ ನಿಂತ ಆರು ಜನರ ಫೋಟೋ ಶಾಲೆಯ ಗೋಡೆಯ ಮೇಲೆ ಹಾಕಿದ್ದರು. ವಸಂತದಲ್ಲಿ ಹೊರಗಿನ ಸೀಸನ್ನು ಶುರುವಾದಾಗ ಮಗಳು ತಂಡ ಬಿಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಬಿಡಲಿಲ್ಲ. ಮೇ ತಿಂಗಳಲ್ಲಿ ಹದಿಮೂರರೊಳಗೆ ಬಂದಳು, ಮುಂದಿನ ವರ್ಷ ಹನ್ನೆರಡರೊಳಗೆ. ಸ್ನೇಹಿತರೂ ಆದರು. ಅಂದರೆ ನಾನು ಪ್ರಳಯವಾಯಿತು ಎಂದು ಕೂಗಾಡಿದ್ದು ಅವಳಿಗೆ ಪ್ರಳಯ ಆಗಿರಲಿಲ್ಲ.

ಕಾಕು ಮತ್ತೆ ನನ್ನ ಕಾರು ಹತ್ತಲಿಲ್ಲ. ಸಂಜೆ ಅವರು ರಸ್ತೆಯ ಆ ಬದಿಯಲ್ಲಿ ವಾಕಿಂಗ್ ಹೋಗುವಾಗ ನಾನು ಕಂಡರೆ "ಆರಾಮ ಏನ್ರಿ?" ಎನ್ನುತ್ತಿದ್ದರು, ಮೊದಲಿನ ಹಾಗೆಯೇ. ನಾನು "ಹ್ಞೂಂ" ಎಂದು ಅಂಚೆ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದೆ. ಸಿಟ್ಟು ಎಂದೋ ಇಳಿದಿತ್ತು. ಉಳಿದದ್ದು ನಾಚಿಕೆ. ಆದರೆ ಸಿಟ್ಟನ್ನು ಊರಿಗೆಲ್ಲ ಕೇಳಿಸುವ ನನಗೆ ನಾಚಿಕೆಯನ್ನು ಒಬ್ಬರಿಗೂ ಹೇಳಲು ಬರಲಿಲ್ಲ. ನಾಳೆ ಹೋಗಿ ಮಾತಾಡೋಣ, ಈ ವೀಕೆಂಡು ಹೋಗೋಣ, ಏನಾದರೂ ಸಿಹಿ ಮಾಡಿಕೊಂಡು ಹೋಗೋಣ... ಏಪ್ರಿಲಿನಲ್ಲಿ ಒಂದು ದಿನ ಆಫೀಸಿನಿಂದ ಬಂದಾಗ ಗಂಡ ಹೇಳಿದರು, ಎದುರುಮನೆ ಕಾಕು ಬೆಳಿಗ್ಗೆ ಊರಿಗೆ ಹೊರಟರು, ನಿನ್ನನ್ನು ಕೇಳಿದರು ಎಂದು. ಮುಂದಿನ ವರ್ಷ ಬರುತ್ತಾರಲ್ಲ ಎಂದುಕೊಂಡೆ. ಮೊಣಕಾಲು ಕೆಟ್ಟಿತು, ಆಮೇಲೆ ಕಣ್ಣು. ಬರಲಿಲ್ಲ.

ಎರಡು ವರ್ಷದ ಹಿಂದೆ ಅವರ ಮಗ ಕಸದ ಡಬ್ಬಿ ಎಳೆದುಕೊಂಡು ಬರುತ್ತ ಹೇಳಿದರು. "ಅವ್ವ ಹೋದ್ಳ್ರಿ, ಹೋದ ತಿಂಗಳ. ಊರಿಗೆ ಹೋಗಿ ಬಂದೆ." ನಾನು ಅಯ್ಯೋ ಎಂದೆ. ಏನಾಗಿತ್ತು ಎಂದೆ. ಎಲ್ಲರೂ ಕೇಳುವುದನ್ನು ನಾನೂ ಕೇಳಿದೆ. ಕೇಳಿ ಒಳಗೆ ಬಂದು ಅನ್ನಕ್ಕೆ ಇಟ್ಟೆ.

ಟೈರಿನ ಅಂಗಡಿಯಲ್ಲಿ ಕೂತ ದಿನ ನಾನು ಮನೆಗೆ ಬಂದು ಮಗಳಿಗೆ ಫೋನು ಮಾಡಿದೆ. ಅವಳು ಈಗ ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದಾಳೆ. ರಬ್ಬರು, ಗೋದಾಮು, ಸೋಫಾ ಎಂದೆಲ್ಲ ಹೇಳುತ್ತ ನಗಿಸಿದೆ. ಆಮೇಲೆ ನಗು ನಿಂತು, ಕಾಕುಗೆ ನಾನು ಹಾಗೆ ಅನ್ನಬಾರದಿತ್ತು ಎಂದೆ. ಹತ್ತು ವರ್ಷದಲ್ಲಿ ಅದೇ ಮೊದಲ ಸಲ ಬಾಯಿಬಿಟ್ಟದ್ದು.

"ಅಮ್ಮಾ, ಐ ನ್ಯೂ" ಎಂದಳು. "ಇಪ್ಪತ್ತಾಯ್ತು ಅಂತ ನಂಗೊತ್ತಿತ್ತು. ನಾನೂ ಎಣಿಸ್ತಿದ್ದೆ, ಎಲ್ಲಾ ರನ್ನರ್ಸೂ ಎಣಿಸ್ತಾರೆ."

"ಮತ್ತೆ ಯಾಕೆ ಓಡಿದೆ?"

"ಕಾಕು ಅಷ್ಟು ಹ್ಯಾಪಿಯಾಗಿ ಬೆರಳು ತೋರಿಸ್ತಿದ್ರು. ನಾನು ನಿಂತುಬಿಟ್ಟಿದ್ರೆ ಅವರಿಗೆ ಎಲ್ಲರ ಮುಂದೆ ಎಂಬರಾಸ್ ಆಗ್ತಿತ್ತು. ಕೋಚ್ ಹೇಗಿದ್ರೂ ಕ್ಲಾಕ್ ನೋಡಿರ್ತಾರೆ ಅಂದ್ಕೊಂಡೆ. ಸ್ಟುಪಿಡ್, ಐ ನೋ. ಸಿಕ್ಸ್‌ಟೀನ್ ಇದ್ದೆ."

"ನನಗೆ ಒಂದು ಮಾತು ಹೇಳಬಾರದಿತ್ತೇನೇ?"

"ಹೇಳೋಕೆ ಬಂದೆ. ನೀನು ಕೂಗ್ತಿದ್ದೆ." ಎಂದಳು. "ಮಾರನೇ ದಿನ ಕಾಕು ಹತ್ರ ಹೋಗಿ ಹೇಳ್ದೆ. ಅಮ್ಮನಿಗೂ ಹೇಳ್ತೀನಿ ಅಂದೆ. ಅವರು ಬೇಡ ಅಂದ್ರು. ಪ್ರಾಮಿಸ್ ಮಾಡಿಸ್ಕೊಂಡ್ರು."

ಯಾಕಂತೆ ಎಂದೆ.

ನನ್ನ ಮಗಳು, ಒಂದು ಕಾಲಕ್ಕೆ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ, ಆ ಮಾತನ್ನು ಹಾಗೇ ಹೇಳಿದಳು, ಆ ರಾಗದಲ್ಲೇ. "ನಿಮ್ಮವ್ವಗ ಹೇಳಬ್ಯಾಡವಾ. ನನಗ ಅಷ್ಟ ಅಂದಾಳ, ಖರೇ ತಿಳದ್ರ ಆಕಿಗೆ ಭಾಳ ಕೆಟ್ಟ ಅನಸ್ತದ."

ಫೋನು ಇಟ್ಟ ಮೇಲೆ ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಎದುರುಮನೆಯವರು ಗ್ಯಾರೇಜು ತೆರೆದು ದಿನಸಿಯ ಚೀಲಗಳನ್ನು ಒಳಗೆ ಸಾಗಿಸುತ್ತಿದ್ದರು. ಕಾಕು ಊರಿಗೆ ಹೋದ ಮೇಲೂ ಎಂಟು ವರ್ಷ ಬದುಕಿದ್ದರು. ಅಷ್ಟು ವರ್ಷವೂ ಅವರ ಮಗ ಇದೇ ರಸ್ತೆಯ ಆಚೆ ಇದ್ದರು. ದಾಟಿ ಹೋಗಿ ವಿಜಯಪುರದ ಫೋನ್ ನಂಬರು ಕೇಳಿದ್ದರೆ ಕೊಡುತ್ತಿದ್ದರು. ನಾನು ಕೇಳಲೇ ಇಲ್ಲ.